ಸೇವೆ ಅಂದರೆ ಸಂಬಳ ಕೇಳಬಾರದೇ?

ನಲವತ್ತು ದಾಟಿದ ನರ್ಸ್ ಕೆಲಸ ಬಿಡುತ್ತೇನೆಂದರೆ ನಮ್ಮವರ ಮೊದಲ ಮಾತು: ‘ಅಯ್ಯೋ, ಅದು ಸೇವೆ ಅಲ್ವಾ?’ ಸರ್ಕಾರಿ ನೌಕರಿಯೂ ‘ಸೇವೆ’ಯೇ, ಅಲ್ಲಿ ಸಂಬಳ ಕೇಳಲು ಯಾರಿಗೂ ಮುಜುಗರವಿಲ್ಲ.

ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. ಅದು ಬರೀ ಶಿಫಾರಸು. ಜಾರಿ ರಾಜ್ಯಗಳಿಗೆ ಬಿಟ್ಟಿದ್ದು.

ಪುಣೆಯಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಇಪ್ಪತ್ತು ವರ್ಷ ಐಸಿಯು ನೋಡಿದವಳು. ರೋಗಿಗಳನ್ನು ಹೊರಳಿಸಿ ಹೊರಳಿಸಿ ಸೊಂಟ ಹೋಗಿದೆ. ‘ಪೇಷೆಂಟ್ ನೋಡೋದು ಬೇಜಾರಾಗಿಲ್ಲ ಕಣೇ, ನೈಟ್ ಡ್ಯೂಟಿ ಸಾಕಾಗಿದೆ’ ಅಂತಾಳೆ. ಇವೆರಡೂ ಬೇರೆ ಬೇರೆ. ಒಪಿಡಿ ಇದೆ, ಪಾಠ ಹೇಳುವ ಕೆಲಸವಿದೆ. ಅವಳಂತೆ ಜಿಎನ್‌ಎಂ ಓದಿದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಮೊದಲು ಅದನ್ನು ನೋಡಲಿ. ಅದೂ ಆಗದಿದ್ದರೆ ಬಿಡಲಿ.