ಹೊಸ ಸಹಾಯಕಿಗೆ ಮೊದಲ ತಿಂಗಳು
ತಿರುಪ್ಪೂರಿನ ಬಳಿಯ ಕಾಂಗೇಯಂನಂಥ ಊರಿನ ಸಣ್ಣ ಆಸ್ಪತ್ರೆಗೆ ಸಹಾಯಕಿಯಾಗಿ ಸೇರಿದ ಹುಡುಗಿಗೆ ‘ನೋಡ್ತಾ ನೋಡ್ತಾ ಕಲಿ’ ಎನ್ನುವುದು ತರಬೇತಿಯಲ್ಲ. ನರ್ಸಿಂಗ್ ಕೋರ್ಸುಗಳಾದ ಎಎನ್‌ಎಂಗೆ 2 ವರ್ಷ, ಜಿಎನ್‌ಎಂಗೆ 3 ವರ್ಷದ ಓದು, ಮೇಲೆ ನೋಂದಣಿ. ಸಹಾಯಕಿಗೆ ಅಂಥ ಕಡ್ಡಾಯವಿಲ್ಲ. ಆದರೆ ಹಾಸಿಗೆ ಹಿಡಿದವರ ಮಗ್ಗುಲನ್ನು ಹೊತ್ತುಹೊತ್ತಿಗೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೈ ತೊಳೆಯದೆ ಇನ್ನೊಬ್ಬರನ್ನು ಮುಟ್ಟಿದರೆ ಸೋಂಕು ದಾಟುತ್ತದೆ. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡ ಅನುಭವ ಈ ಕೆಲಸಕ್ಕೆ ಸಾಲದು.

ಸಣ್ಣ ಆಸ್ಪತ್ರೆಗೆ ತರಬೇತಿಯ ಖರ್ಚು ತಾಳದು ಎಂಬ ಮಾತಿನಲ್ಲಿ ಹುರುಳಿದೆ, ಅರ್ಧದಷ್ಟು. ಸಂಬಳ ಕೊಟ್ಟು ಹಿರಿಯ ನರ್ಸಿನ ಜೊತೆ ಒಂದು ತಿಂಗಳು ಕಲಿಸುವುದಕ್ಕಿಂತ ಒಂದು ಹುಣ್ಣು ಮಾಯಲು ಹಿಡಿಯುವ ವಾರಗಳೇ ದುಬಾರಿ. ತಿರುಪ್ಪೂರಿನ ಬನಿಯನ್ನಿನ ಹೊಲಿಗೆ ಕೆಟ್ಟರೆ ಬಿಚ್ಚಿ ಹೊಲಿಯಬಹುದು. ರೋಗಿಯ ಮೈ ಹಾಗಲ್ಲ. ಆಡಳಿತದವರೇ, ಆ ಮೊದಲ ತಿಂಗಳು ರಾತ್ರಿ ಪಾಳಿಗೆ ಅವಳೊಬ್ಬಳನ್ನೇ ಹಾಕಬೇಡಿ.