ಎಡ್ಮಂಡನಿಗೆ ಸಿಕ್ಕಿದ್ದು, ಸೂಸನ್‌ಗೆ ಸಿಗದದ್ದು

ಹಿಮ ಬೀಳುತ್ತಿರುವ ಕಾಡು. ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಮೇಕೆಯ ಕಾಲುಗಳಿರುವ ಫಾನ್ ಒಬ್ಬ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ನಡೆಯುತ್ತಿದ್ದಾನೆ. ಸಿ.ಎಸ್. ಲೂಯಿಸ್ ಅವರ ಮನಸ್ಸಿನಲ್ಲಿ ಈ ಚಿತ್ರ ಮೂಡಿದ್ದು ಹದಿನಾರರ ವಯಸ್ಸಿನಲ್ಲಿ. ಅದನ್ನು ಕಥೆ ಮಾಡಬೇಕೆಂದು ಅನಿಸುವ ಹೊತ್ತಿಗೆ ಅವರಿಗೆ ನಲವತ್ತರ ಹತ್ತಿರ. 1939ರಲ್ಲಿ ಬಾಂಬಿನ ಭಯಕ್ಕೆ ಲಂಡನ್ನಿನ ಮಕ್ಕಳನ್ನು ಹೊರಗೆ ಸಾಗಿಸಿದಾಗ, ಆಕ್ಸ್‌ಫರ್ಡಿನ ಅಂಚಿನಲ್ಲಿದ್ದ ಅವರ ಮನೆಯಲ್ಲೂ ಕೆಲವು ಹುಡುಗಿಯರು ಉಳಿದುಕೊಂಡಿದ್ದರು. ಕಥೆಯ ಪೀಟರ್, ಸೂಸನ್, ಎಡ್ಮಂಡ್, ಲೂಸಿ ಹಳ್ಳಿಯ ಪ್ರೊಫೆಸರೊಬ್ಬರ ದೊಡ್ಡ ಮನೆಗೆ ಬರುವುದೂ ಇದೇ ಕಾರಣಕ್ಕೆ. ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ 1950ರಲ್ಲಿ ಹೊರಬಂತು. 1956ರ ಹೊತ್ತಿಗೆ ನಾರ್ನಿಯಾ ಎಂಬ ಮಾಯಾಲೋಕದ ಕಥೆಗಳು ಏಳಾದವು.

ಅಂದಿನಿಂದ ಇಂದಿನವರೆಗೆ ಈ ಪುಸ್ತಕ ಅಂಗಡಿಗಳಿಂದ ಮರೆಯಾಗಿಲ್ಲ. ಅದರ ಮೇಲಿನ ಸಿಟ್ಟೂ ಆರಿಲ್ಲ. ಮಕ್ಕಳ ಸಾಹಿತ್ಯದ ದೊಡ್ಡ ಹೆಸರಾದ ಫಿಲಿಪ್ ಪುಲ್‌ಮನ್ 1998ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಈ ಸರಣಿಯನ್ನು ಕಟುವಾಗಿ ಖಂಡಿಸಿದರು. ಪ್ರೀತಿಸುವವರೂ ಖಂಡಿಸುವವರೂ ಪುಸ್ತಕವನ್ನು ಸರಿಯಾಗಿಯೇ ಓದಿದ್ದಾರೆ ಎಂದು ನನಗೆ ಅನಿಸುತ್ತದೆ.

ಪ್ರೀತಿಗೆ ಮೊದಲ ಕಾರಣ ಲೂಸಿ. ಬಟ್ಟೆಯ ಬೀರುವಿನೊಳಗೆ ಕುತೂಹಲದಿಂದ ಹೋದ ಪುಟ್ಟ ಹುಡುಗಿಯ ಮುಖಕ್ಕೆ ತುಪ್ಪುಳಿನ ಕೋಟುಗಳ ಬದಲು ಮರದ ಕೊಂಬೆಗಳು ತಾಗುತ್ತವೆ, ಕಾಲಡಿಯಲ್ಲಿ ಹಿಮ ಕರಕರ ಎನ್ನುತ್ತದೆ. ಬಂದು ಹೇಳಿದರೆ ಒಡಹುಟ್ಟಿದವರು ನಂಬುವುದಿಲ್ಲ. ದೊಡ್ಡವರಿಬ್ಬರು ಪ್ರೊಫೆಸರ ಬಳಿ ಹೋದಾಗ ಅವರು ನಗುವುದಿಲ್ಲ, ತರ್ಕಿಸುತ್ತಾರೆ. ಲೂಸಿ ಸುಳ್ಳು ಹೇಳುವವಳಲ್ಲ, ಬುದ್ಧಿ ಕೆಟ್ಟವಳೂ ಅಲ್ಲ. ಹಾಗಾದರೆ ಅವಳು ಹೇಳುತ್ತಿರುವುದು ನಿಜವೆಂದೇ ಇಟ್ಟುಕೊಳ್ಳಬೇಕು. ತನ್ನ ಮಾತನ್ನು ದೊಡ್ಡವರು ಇಷ್ಟು ಗಂಭೀರವಾಗಿ ತೂಗಿ ನೋಡಿದರು ಎಂಬ ಸಂತೋಷ ಮಕ್ಕಳಿಗೆ ಎಲ್ಲಿ ತಾನೆ ಸುಲಭವಾಗಿ ಸಿಗುತ್ತದೆ? ಲೂಯಿಸ್ ಕಥೆ ಹೇಳುವ ದನಿಯಲ್ಲೂ ಇದೇ ಅಕ್ಕರೆಯಿದೆ. ಬೀರುವಿನೊಳಗೆ ಹೋದವರು ಬಾಗಿಲನ್ನು ಪೂರ್ತಿ ಮುಚ್ಚಿಕೊಳ್ಳಬಾರದು ಎಂದು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಓದಿದ ಮಗು ಮನೆಯ ಬೀರುವಿಗೆ ನುಗ್ಗಿಯೇ ನುಗ್ಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇನ್ನು ಊಟ. ಬೀವರ್ ದಂಪತಿಯ ಮನೆಯಲ್ಲಿ ಆಗತಾನೆ ಹಿಡಿದು ಹುರಿದ ಮೀನು, ಆಲೂಗಡ್ಡೆ, ಬೆಣ್ಣೆ. ಬಿಳಿ ಮಾಟಗಾತಿ ಎಡ್ಮಂಡನಿಗೆ ಕೊಡುವ ಟರ್ಕಿಶ್ ಡಿಲೈಟ್. ಬ್ರಿಟನ್ನಿನಲ್ಲಿ ಸಿಹಿತಿಂಡಿಗೆ ಪಡಿತರ ಇದ್ದ ಕಾಲವದು. ಅದು ತೆರವಾದದ್ದು 1953ರಲ್ಲಿ. ಡಬ್ಬಿ ತುಂಬ ಮಿಠಾಯಿಗೆ ಹುಡುಗನೊಬ್ಬ ಅಣ್ಣ, ಅಕ್ಕ, ತಂಗಿಯನ್ನು ಬಿಟ್ಟುಕೊಟ್ಟ ಎಂದರೆ ಅಂದಿನ ಮಕ್ಕಳು ಅದನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಿರಬೇಕು.

ಪುಸ್ತಕದ ಜೀವ ಇರುವುದು ಈ ಎಡ್ಮಂಡನಲ್ಲಿ. ಅವನದು ತುಂಟತನವಲ್ಲ, ದ್ರೋಹ. ಅವನ ಪ್ರಾಣಕ್ಕೆ ಬದಲಾಗಿ ಆಸ್ಲಾನ್ ಎಂಬ ಸಿಂಹ ಕಲ್ಲಿನ ಮೇಜಿನ ಮೇಲೆ ತನ್ನನ್ನು ಕೊಲ್ಲಲು ಬಿಡುತ್ತದೆ. ಅದಕ್ಕೂ ಮೊದಲು, ಮಾಟಗಾತಿಯಿಂದ ಬಿಡಿಸಿ ತಂದ ಹುಡುಗನೊಂದಿಗೆ ಸಿಂಹ ಏಕಾಂತದಲ್ಲಿ ಮಾತಾಡುತ್ತದೆ. ಏನು ಮಾತಾಡಿತೆಂದು ಲೂಯಿಸ್ ನಮಗೆ ಹೇಳುವುದಿಲ್ಲ. ಉಳಿದವರಿಗೂ ಆಸ್ಲಾನ್ ಹೇಳುವುದಿಷ್ಟೆ: ಆದದ್ದನ್ನು ಎತ್ತಿ ಆಡಬೇಕಿಲ್ಲ. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ನಿಲ್ಲಿಸಿ ಬುದ್ಧಿ ಹೇಳುವ ಎಷ್ಟೋ ಮಕ್ಕಳ ಪುಸ್ತಕಗಳಿವೆ. ಆ ಅವಕಾಶ ಕೈಯಲ್ಲಿದ್ದೂ ಬಿಟ್ಟುಕೊಟ್ಟ ಈ ಸಂಯಮ ನನಗೆ ಬಲು ದೊಡ್ಡದಾಗಿ ಕಾಣುತ್ತದೆ.

ಈಗ ಆಕ್ಷೇಪಗಳು. ಕ್ರಿಸ್ತನ ಬಲಿದಾನವನ್ನೂ ಪುನರುತ್ಥಾನವನ್ನೂ ಸಿಂಹದ ಕಥೆಯೊಳಗಿಟ್ಟು ಮಕ್ಕಳಿಗೆ ತಿಳಿಯದಂತೆ ಉಣಿಸಲಾಗಿದೆ ಎಂಬುದು ಹಳೆಯ ದೂರು. ಲೂಯಿಸ್ ಶ್ರದ್ಧಾವಂತ ಕ್ರೈಸ್ತರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ತಾನು ಶುರು ಮಾಡಿದ್ದು ಚಿತ್ರಗಳಿಂದ, ಧರ್ಮ ಆಮೇಲೆ ತಾನಾಗಿ ಬಂತು ಎಂದು ಅವರು ಬರೆದಿದ್ದಾರೆ. ಈ ದೂರು ನನಗೆ ಅಷ್ಟು ಭಾರವೆನಿಸುವುದಿಲ್ಲ. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಹಿಂತಿರುಗಿದ ಪುಣ್ಯಕೋಟಿಯನ್ನು ಕೇಳಿ ಬೆಳೆದ ಮಗು ಕಲ್ಲಿನ ಮೇಜಿನ ರಾತ್ರಿಗೆ ಬೈಬಲ್ಲಿನ ಹಂಗಿಲ್ಲದೆ ಕಣ್ಣೀರು ಹಾಕಬಲ್ಲದು. ಲೂಯಿಸ್ ಅವರ ಗೆಳೆಯ, ಲೇಖಕ ಟೋಲ್ಕಿನ್ನರಿಗೂ ಪುಸ್ತಕ ಹಿಡಿಸಲಿಲ್ಲ. ರೋಮನ್ ಪುರಾಣದ ಫಾನ್, ಮಾತಾಡುವ ಪ್ರಾಣಿಗಳು, ಉಡುಗೊರೆ ಹೊತ್ತ ಕ್ರಿಸ್‌ಮಸ್ ತಾತ, ಎಲ್ಲವೂ ಒಂದೇ ಕಾಡಿನಲ್ಲಿ! ಅಚ್ಚುಕಟ್ಟಾದ ಲೋಕ ಕಟ್ಟುವವರಿಗೆ ಇದು ದೋಷ. ಮಕ್ಕಳ ಆಟದಲ್ಲಿ ಇವೆಲ್ಲ ಜಗಳವಿಲ್ಲದೆ ಕೂಡಿರುತ್ತವೆ.

ಕಲೋರ್ಮೆನ್ ವಿಷಯವನ್ನು ಇಷ್ಟು ಹಗುರವಾಗಿ ದಾಟಲಾಗದು. 1954ರ ‘ದಿ ಹಾರ್ಸ್ ಅಂಡ್ ಹಿಸ್ ಬಾಯ್’ನಲ್ಲಿ ನಾರ್ನಿಯಾದ ದಕ್ಷಿಣಕ್ಕಿರುವ ಈ ನಾಡಿನವರು ಕಪ್ಪು ಮೈಬಣ್ಣದವರು, ಪೇಟ ಸುತ್ತಿದವರು, ಬಾಗಿದ ಕತ್ತಿಯವರು, ಜನರನ್ನು ಗುಲಾಮರಾಗಿ ಮಾರುವವರು. ನಾರ್ನಿಯಾದ ರಾಜರು ಬಿಳಿಯರು. ಭಾರತದಲ್ಲಿ ಕೂತು ಓದುವ ಮಗು ತನ್ನನ್ನು ಯಾವ ಕಡೆ ಎಣಿಸಿಕೊಳ್ಳಬೇಕು? ಅದೇ ಪುಸ್ತಕದ ಧೀರೆ ಅರಾವಿಸ್ ಕಲೋರ್ಮೆನ್ನಿನ ಹುಡುಗಿ, ಕೊನೆಯ ಪುಸ್ತಕದಲ್ಲಿ ಆಸ್ಲಾನ್ ಸ್ವೀಕರಿಸುವ ಎಮೆತ್ ಅಲ್ಲಿನ ಸೈನಿಕ, ಜೀವನವಿಡೀ ಬೇರೆ ದೇವರನ್ನು ಪೂಜಿಸಿದವನು. ಇದು ನಿಜ, ನೆನೆಯಬೇಕಾದದ್ದು. ಆದರೂ ಒಳ್ಳೆಯವರು ಅಪವಾದವಾಗಿ, ಕ್ರೌರ್ಯವೇ ನಾಡಿನ ಗುಣವಾಗಿ ಉಳಿಯುತ್ತದೆ. ಇದು ಪುಸ್ತಕದ ಮೇಲಿನ ಕಲೆ. ಕಾಲದ ಹೆಸರು ಹೇಳಿ ತೊಳೆಯಲು ಬರುವುದಿಲ್ಲ.

ಎಲ್ಲಕ್ಕಿಂತ ನೋಯಿಸುವುದು ಸೂಸನ್. ‘ದಿ ಲಾಸ್ಟ್ ಬ್ಯಾಟಲ್’ನಲ್ಲಿ ಒಡಹುಟ್ಟಿದವರೂ ತಂದೆತಾಯಿಯೂ ರೈಲು ಅಪಘಾತದಲ್ಲಿ ತೀರಿಕೊಂಡು ಆಸ್ಲಾನನ ನಾಡು ಸೇರುತ್ತಾರೆ. ಸೂಸನ್ ಇಲ್ಲ. ಅವಳೀಗ ನಾರ್ನಿಯಾದ ಗೆಳತಿಯಲ್ಲ, ಅವಳಿಗೆ ಬೇಕಾದದ್ದು ನೈಲಾನ್ ಸ್ಟಾಕಿಂಗ್, ಲಿಪ್‌ಸ್ಟಿಕ್, ಪಾರ್ಟಿಯ ಕರೆಯೋಲೆ ಎಂದು ಉಳಿದವರು ಒಂದೊಂದು ಮಾತು ಆಡಿ ಮುಂದೆ ಹೋಗುತ್ತಾರೆ. ಬೆಳೆಯುವುದನ್ನೇ ಅಪರಾಧ ಮಾಡಿದ್ದಾರೆ ಎಂಬುದು ಪುಲ್‌ಮನ್ನರ ವಾದದ ತಿರುಳು. ಲೂಯಿಸ್ ಕಡೆಯವರ ಉತ್ತರವೂ ಬಲವಾಗಿಯೇ ಇದೆ: ಅವಳನ್ನು ಯಾರೂ ಹೊರಹಾಕಿಲ್ಲ, ನಾರ್ನಿಯಾವನ್ನು ಬಾಲ್ಯದ ಆಟವೆಂದು ತಳ್ಳಿಹಾಕಿದವಳು ಅವಳೇ, ದೂರು ಬೆಳವಣಿಗೆಯ ಮೇಲಲ್ಲ, ಒಣಜಂಭದ ಮೇಲೆ.

ಆ ಉತ್ತರ ಒಪ್ಪಿದರೂ ನನ್ನ ತಕರಾರು ಉಳಿಯುತ್ತದೆ. ಕಲ್ಲಿನ ಮೇಜಿನ ರಾತ್ರಿ ಆಸ್ಲಾನನ ಜತೆ ನಡೆದವರು ಇಬ್ಬರೇ, ಲೂಸಿ ಮತ್ತು ಸೂಸನ್. ಸತ್ತ ಸಿಂಹದ ಬಾಯಿಗೆ ಕಟ್ಟಿದ್ದನ್ನು ತಣ್ಣಗಿನ ಬೆರಳುಗಳಿಂದ ಬಿಡಿಸಿದವರೂ ಅವರೇ. ಒಡಹುಟ್ಟಿದವರನ್ನೇ ಮಾರಿದ ಎಡ್ಮಂಡನ ತಪ್ಪನ್ನು ಎತ್ತಿ ಆಡಬಾರದೆಂದ ಕಥೆ, ಅಲಂಕಾರದ ಚಪಲಕ್ಕೆ ಬಿದ್ದ ಸೂಸನ್‌ಳ ತಪ್ಪನ್ನು ಅವಳ ಬೆನ್ನ ಹಿಂದೆ ನಾಲ್ಕು ಜನರಿಂದ ಆಡಿಸುತ್ತದೆ. ಮೊದಲ ಪುಸ್ತಕದ ನ್ಯಾಯದಿಂದಲೇ ಕೊನೆಯದನ್ನು ಅಳೆದರೆ ಅದು ಸೋಲುತ್ತದೆ. ಒಂದೇ ದಿನ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗಿಗೆ ಒಂದು ಸಾಲಿನ ದುಃಖವೂ ಇಲ್ಲ. ಒಂಬತ್ತನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಲೂಯಿಸ್ ಇದನ್ನು ಬರೆಯದೆ ಬಿಟ್ಟದ್ದೇಕೆ? ನೀಲ್ ಗೈಮನ್ 2004ರಲ್ಲಿ ಪ್ರಕಟಿಸಿದ ಸಣ್ಣಕಥೆಯೊಂದು ಹುಟ್ಟಿದ್ದು ಇದೇ ಖಾಲಿ ಜಾಗದಲ್ಲಿ.

1957ರಲ್ಲಿ ಬಾಲಕನೊಬ್ಬನಿಗೆ ಬರೆದ ಪತ್ರದಲ್ಲಿ ಲೂಯಿಸ್, ಸೂಸನ್ ಇನ್ನೂ ಬದುಕಿದ್ದಾಳೆ, ತಿದ್ದಿಕೊಳ್ಳಲು ಅವಳಿಗೆ ಬೇಕಾದಷ್ಟು ಸಮಯವಿದೆ, ತನ್ನದೇ ದಾರಿಯಲ್ಲಿ ಕೊನೆಗೆ ಆಸ್ಲಾನನ ನಾಡು ಸೇರಲೂಬಹುದು ಎಂದು ತಿಳಿಸಿದ್ದಾರೆ. ಈ ಕರುಣೆ ಏಳನೇ ಪುಸ್ತಕದ ಒಳಗೇ ಇರಬೇಕಿತ್ತು. ಮೊದಲ ಪುಸ್ತಕವನ್ನು ಒಂಬತ್ತು ವರ್ಷದ ಯಾವ ಮಗುವಿಗಾದರೂ ನಾನು ನಿಶ್ಚಿಂತೆಯಿಂದ ಕೊಡುತ್ತೇನೆ, ಓದಲು ಒಂಟಿಯಾಗಿ ಬಿಡುತ್ತೇನೆ. ಏಳನೆಯದನ್ನು ಓದುವಾಗ ಪಕ್ಕದಲ್ಲಿ ಕೂತಿದ್ದು, ಸೂಸನ್ ಎಲ್ಲಿ ಎಂದು ಮಗು ಕೇಳಿದಾಗ ಈ ಪತ್ರದ ವಿಷಯ ಹೇಳುತ್ತೇನೆ.