ಪರ್ಮಿಟ್ ಅನುವಾದಿಸುವುದು ಲೈಸೆನ್ಸನ್ನು, ಚಾಲಕನನ್ನಲ್ಲ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಡೊಂಬಿವಲಿಯ ದಂಪತಿ, ದುಬೈಯಲ್ಲಿ ಕೆಲಸ ಸಿಕ್ಕ ಅಂಧೇರಿಯ ಹುಡುಗ, ಜಪಾನಿಗೆ ಪ್ರವಾಸ ಹೊರಟ ಮಾಟುಂಗಾದ ಕುಟುಂಬ. ಇಂಥವರ ತಯಾರಿಯ ಪಟ್ಟಿಯಲ್ಲಿ ಪಾಸ್‌ಪೋರ್ಟ್, ವೀಸಾಗಳ ಜೊತೆ ಈಗ ಇನ್ನೊಂದು ಹೆಸರು ಸೇರಿದೆ: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚುಟುಕಾಗಿ ಐಡಿಪಿ.

ಇದನ್ನು ಪಡೆಯುವುದು ಕಷ್ಟವಲ್ಲ. ಫಾರ್ಮ್ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಿ, ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ದಾಖಲೆಗಳನ್ನು ಕೊಟ್ಟರೆ ಆರ್‌ಟಿಒ ಒಂದು ವರ್ಷದ ಪರ್ಮಿಟ್ ಕೊಡುತ್ತದೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅರ್ಜಿಯ ಹೊತ್ತಿಗೆ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಬೇಕೆಂಬ ಷರತ್ತನ್ನು ತೆಗೆಯಿತು. ಹೊರದೇಶದಲ್ಲಿದ್ದಾಗ ಪರ್ಮಿಟಿನ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಹಾಕುವ ದಾರಿಯನ್ನೂ ತೆರೆಯಿತು. 2022ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ಒಂದೇ ಮಾದರಿ ಬಂತು, ಅದರ ಮೇಲೆ ಕ್ಯೂಆರ್ ಕೋಡ್ ಸೇರಿತು. ಎಲ್ಲವೂ ಒಳ್ಳೆಯ ಬದಲಾವಣೆಗಳೇ. ಆದರೆ ಹೊಸದಾಗಿ ಯಾವ ಪರೀಕ್ಷೆಯೂ ಇಲ್ಲ, ಯಾಕೆಂದರೆ ಐಡಿಪಿ ಹೊಸ ಲೈಸೆನ್ಸ್ ಅಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಈ ಪರ್ಮಿಟ್, ಕೈಯಲ್ಲಿರುವ ಲೈಸೆನ್ಸಿನ ಅಧಿಕೃತ ಅನುವಾದ ಮಾತ್ರ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಅಂತರಜಾಲದಲ್ಲಿ ಖಾಸಗಿಯವರು ಮಾರುವ 'ಅಂತರರಾಷ್ಟ್ರೀಯ ಲೈಸೆನ್ಸ್'ಗಳಿಗಂತೂ ಯಾವ ಬೆಲೆಯೂ ಇಲ್ಲ.

ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇದ್ದ ಮಾತ್ರಕ್ಕೆ ಅದು ಎಲ್ಲ ಕಡೆಯೂ ನಡೆಯುವುದಿಲ್ಲ. ಜಪಾನ್ 1949ರ ಒಪ್ಪಂದದ ಪರ್ಮಿಟನ್ನು ಒಪ್ಪುತ್ತದೆ, ಚೀನಾ ಒಪ್ಪುವುದಿಲ್ಲ. ದುಬೈಯಲ್ಲಿ ಪ್ರವಾಸಿಗನಿಗೆ ನೆರವಾಗುವ ಪರ್ಮಿಟ್, ಅದೇ ಮನುಷ್ಯ ಕೆಲಸಕ್ಕೆ ಸೇರಿ ರೆಸಿಡೆನ್ಸ್ ವೀಸಾ ಪಡೆದ ಮೇಲೆ ಸಾಲದು. ಅಲ್ಲಿನ ಲೈಸೆನ್ಸೇ ಬೇಕು. ಜರ್ಮನಿಯಲ್ಲಿ ನೆಲೆಸಿದವನಿಗೆ ಭಾರತದ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿನ ಪರೀಕ್ಷೆಗೆ ಕೂರಬೇಕು. ಈ ವ್ಯತ್ಯಾಸ ತಿಳಿಯದೆ ಓಡಿಸುವವನು ಕಾನೂನಿನ ಕಣ್ಣಿನಲ್ಲಿ ಲೈಸೆನ್ಸೇ ಇಲ್ಲದವನು. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆಯೂ ಅದೇ.

ಇದಕ್ಕಿಂತ ದೊಡ್ಡ ಪ್ರಶ್ನೆ ಮೂಲದ್ದು. ಅನುವಾದ ಎಷ್ಟೇ ನಿಷ್ಠವಾಗಿದ್ದರೂ ಮೂಲದಲ್ಲಿ ಇಲ್ಲದ್ದನ್ನು ತಂದುಕೊಡಲಾರದು. ಏಜೆಂಟನಿಗೆ ದುಡ್ಡು ಕೊಟ್ಟು, ಸ್ಟೀರಿಂಗ್ ಹಿಡಿದ ಶಾಸ್ತ್ರ ಮಾಡಿ ಪಡೆದ ಲೈಸೆನ್ಸನ್ನು ಐಡಿಪಿ ಹಲವು ಭಾಷೆಗಳಲ್ಲಿ ಪ್ರಾಮಾಣಿಕವಾಗಿಯೇ ಹೇಳುತ್ತದೆ: ಇವರಿಗೆ ಕಾರು ಓಡಿಸಲು ಬರುತ್ತದೆ. ಆ ಮಾತನ್ನು ನಂಬುವವರು ಹೊರದೇಶದ ಪೊಲೀಸರಷ್ಟೇ ಅಲ್ಲ. ಜೀಬ್ರಾ ಪಟ್ಟೆಯ ಮೇಲೆ, ಕಾರು ನಿಂತೇ ನಿಲ್ಲುತ್ತದೆಂದು ಕಾಲಿಡುವ ಮುದುಕಿಯೂ ನಂಬುತ್ತಾಳೆ.

"ಮುಂಬಯಿಯಲ್ಲಿ ಓಡಿಸಿದವನಿಗೆ ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಓಡಿಸಲು ಬರುತ್ತದೆ" ಎಂಬ ಜಂಬದ ಮಾತೊಂದಿದೆ. ಅರ್ಧ ನಿಜ. ಮಳೆಗಾಲದ ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ರಿಕ್ಷಾ, ಬೈಕು, ಹೊಂಡಗಳ ನಡುವೆ ಕಾರು ತರುವವನ ಚುರುಕು ಸಣ್ಣದಲ್ಲ. ಆದರೆ ಆ ಚುರುಕು ಯಾರನ್ನೂ ನಂಬದಿರುವುದರಿಂದ ಬಂದದ್ದು. ಅಮೆರಿಕದ ಫ್ರೀವೇಯಲ್ಲೋ ಜರ್ಮನಿಯ ಆಟೋಬಾನ್‌ನಲ್ಲೋ ಸಂಚಾರ ನಡೆಯುವುದು ಮುಂದಿನವನು ನಿಯಮ ಪಾಲಿಸುತ್ತಾನೆಂಬ ನಂಬಿಕೆಯ ಮೇಲೆ. ಸಿಕ್ಕ ಸಂದಿಯಲ್ಲಿ ನುಗ್ಗುವುದು ಇಲ್ಲಿ ಜಾಣತನ, ಅಲ್ಲಿ ಅಪಾಯ. ಸಾಲದ್ದಕ್ಕೆ ಅಲ್ಲಿ ಬಲಬದಿಯ ಸಂಚಾರ. ಇಪ್ಪತ್ತು ವರ್ಷ ಎಡಕ್ಕೆ ಪಳಗಿದ ಕೈ, ಖಾಲಿ ರಸ್ತೆಯ ತಿರುವಿನಲ್ಲಿ ತಾನಾಗಿಯೇ ಎಡಕ್ಕೆ ಎಳೆಯುತ್ತದೆ.

ಹಾಗೆಂದು ಅರ್ಜಿದಾರರಿಗೆ ಇನ್ನೊಂದು ಸುತ್ತು ಓಡಾಟ ಹೊರಿಸಬೇಕಿಲ್ಲ. ಲೈಸೆನ್ಸಿನ ಮೊದಲ ಪರೀಕ್ಷೆ ನಿಜವಾದ ಪರೀಕ್ಷೆಯಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ, ಹೋಗುವ ದೇಶದ ನಿಯಮಗಳ ಒಂದು ಪುಟವನ್ನು ಪರ್ಮಿಟಿನ ಜೊತೆಗೇ ಕೊಡಬಹುದು: ಯಾವ ಬದಿ, ಎಷ್ಟು ದಿನ ಮಾನ್ಯ, ನೆಲೆಸಿದವರಿಗೆ ಏನು ನಿಯಮ. ಪ್ರಯಾಣಿಕರೂ ಹದಿನಾರು ಗಂಟೆ ವಿಮಾನದಲ್ಲಿ ಕೂತು ಇಳಿದ ದಿನವೇ ಬಾಡಿಗೆ ಕಾರಿನ ಕೀಲಿ ಹಿಡಿಯದೆ, ಮೊದಲ ಎರಡು ದಿನ ಅಲ್ಲಿಯ ಮಗನ ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡಬಹುದು. ಒಂದು ವರ್ಷದ ಪರ್ಮಿಟಿನಲ್ಲಿ ಎರಡು ದಿನ ದೊಡ್ಡ ನಷ್ಟವೇನಲ್ಲ.